ರೋಲ್ ನಂಬರ್ 11 ಎಲ್ಲಿ?

(ನಿವೃತ್ತ ಕಾರ್ಮಿಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಆಡಿದ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕನ್ನು ಸ್ವಲ್ಪ ದೂರ ಇಡಿ. 38 ವರ್ಷ ಮೆಷಿನ್ ಸದ್ದಿನ ಮಧ್ಯೆ ಮಾತಾಡಿದವನು ನಾನು. ನಾನು ಮೆಲ್ಲಗೆ ಅಂದುಕೊಂಡು ಆಡುವ ಮಾತು ಪಕ್ಕದ ಬೀದಿಗೆ ಕೇಳಿಸುತ್ತದೆ ಅಂತ ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತೇನೆ.

ನಿವೃತ್ತಿಯ ನಂತರ ಗೆಳೆತನ ಅನ್ನುವುದರ ಬಗ್ಗೆ ಮಾತಾಡಿ ಅಂದಿದ್ದಾರೆ. ಅಷ್ಟು ದೊಡ್ಡ ವಿಷಯ ನನ್ನ ಕೈಲಾಗದು. ನನ್ನ ಹತ್ತಿರ ಇರುವುದು ಒಂದು ನೋಟ್‌ಬುಕ್ಕು. ಅದರಲ್ಲಿ 16 ಹೆಸರಿವೆ. ಅವರ ಸುದ್ದಿ ಹೇಳಿ ಇಳಿಯುತ್ತೇನೆ. ಹೆಸರು ಹೇಳುವುದಿಲ್ಲ, ರೋಲ್ ನಂಬರ್ ಹೇಳುತ್ತೇನೆ. ನಾವು ಈಗಲೂ ಒಬ್ಬರನ್ನೊಬ್ಬರು ಕರೆಯುವುದು ಹಾಗೇ. ನಾನು 6.

ನಾವು ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ, ಸೇರಿದ್ದು 1976ರಲ್ಲಿ, ಫಿಟ್ಟರ್ ಟ್ರೇಡು, ಎರಡು ವರ್ಷದ ಕೋರ್ಸು. ದೇಶದಲ್ಲಿ ಐಟಿಐ ತರಬೇತಿ ಶುರುವಾಗಿದ್ದು 1950ರಲ್ಲಿ. ನಮ್ಮ ಕಾಲಕ್ಕೆ ಅದಕ್ಕೆ ಒಳ್ಳೆ ಹೆಸರು ಬಂದಿತ್ತು. ಬೆಂಗಳೂರಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಎನ್‌ಜಿಇಎಫ್, ಟೆಲಿಫೋನ್ ಕಾರ್ಖಾನೆ. ಕೈಯಲ್ಲಿ ಟ್ರೇಡ್ ಸರ್ಟಿಫಿಕೇಟ್ ಇದ್ದರೆ ಹುಡುಗನಿಗೆ ಹೆಣ್ಣು ಕೊಡುವವರು ಮನೆ ಬಾಗಿಲಿಗೆ ಬರುತ್ತಾರೆ ಅಂತ ನಮ್ಮಪ್ಪ ನಂಬಿದ್ದರು. ಬಂದರು ಕೂಡ. ಅದು ಬೇರೆ ಮಾತು.

ಫಿಟ್ಟರ್ ಓದಿದವರಿಗೆ ಗೊತ್ತು, ಮೊದಲ ಕೆಲವು ತಿಂಗಳು ಮೆಷಿನ್ ಮುಟ್ಟಿಸುವುದಿಲ್ಲ. ವೈಸಿಗೆ ಒಂದು ತುಂಡು ಕಬ್ಬಿಣ ಕಚ್ಚಿಸಿ ಕೈಗೆ ಅರ ಕೊಡುತ್ತಾರೆ. ಉಜ್ಜು. ಬೆಳಗ್ಗೆಯಿಂದ ಸಂಜೆವರೆಗೆ ಉಜ್ಜು. ಆಮೇಲೆ ಇನ್‌ಸ್ಟ್ರಕ್ಟರ್ ಬಂದು ತುಂಡಿನ ಮೇಲೆ ಮೂಲೆ ನೇರ ಇದೆಯಾ ನೋಡುವ ಟ್ರೈ ಸ್ಕ್ವೇರ್ ಇಟ್ಟು, ಕಿಟಕಿಯ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸಂದಿಯಲ್ಲಿ ಒಂದು ಎಳೆ ಬೆಳಕು ಕಂಡರೂ ತುಂಡು ಸ್ಕ್ರಾಪ್ ಡಬ್ಬಕ್ಕೆ. ಠಣ್ ಅಂತ ಸದ್ದು. ಆ ಸದ್ದು ಕೇಳಿದರೆ ಉಳಿದ 15 ಜನಕ್ಕೂ ಗೊತ್ತಾಗುತ್ತಿತ್ತು, ಯಾರದೋ ಮೂರು ದಿನದ ಕೆಲಸ ಹೋಯಿತು ಅಂತ. ಯಾರೂ ತಲೆ ಎತ್ತುತ್ತಿರಲಿಲ್ಲ. ಸಂಜೆ ರೂಮಿಗೆ ಹೋದ ಮೇಲೆ ಅವನಿಗೆ ಒಂದು ತುತ್ತು ಅನ್ನ ಜಾಸ್ತಿ ಬಡಿಸುತ್ತಿದ್ದೆವು, ಅಷ್ಟೇ. ಐದು ಜನಕ್ಕೆ ಒಂದು ರೂಮು, ಒಂದು ಸೀಮೆಎಣ್ಣೆ ಸ್ಟೌ. ಅಂಗೈಯ ಬೊಬ್ಬೆಗೆ ಕೊಬ್ಬರಿ ಎಣ್ಣೆ.

1978ರಲ್ಲಿ ಟ್ರೇಡ್ ಟೆಸ್ಟ್ ಮುಗಿದ ದಿನ, ನನ್ನ ಪ್ರಾಕ್ಟಿಕಲ್ ರೆಕಾರ್ಡಿನ ಕೊನೆಯಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ ಎಲ್ಲರ ವಿಳಾಸ ಬರೆಸಿಕೊಂಡೆ. ದೊಡ್ಡ ಯೋಚನೆ ಮಾಡಿ ಬರೆಸಿಕೊಂಡಿದ್ದಲ್ಲ. ಹಾಳೆ ದಂಡ ಆಗಬಾರದು ಅಂತ. ನೋಟ್‌ಬುಕ್ಕು ಅಂದೆನಲ್ಲ, ಅದು ಇದೇ. ಆ ವಿಳಾಸಗಳನ್ನು ಈಗ ಓದಿದರೆ ನಗು ಬರುತ್ತದೆ. ಒಬ್ಬನದು ಕೇರಾಫ್ ಊರಿನ ಕಿರಾಣಿ ಅಂಗಡಿ. ಇನ್ನೊಬ್ಬನದು ಕೇರಾಫ್ ಪ್ರೈಮರಿ ಶಾಲೆ ಮೇಷ್ಟ್ರು. ಮನೆಗೆ ವಿಳಾಸ ಅಂತ ಇದ್ದದ್ದು ಇಬ್ಬರಿಗೋ ಮೂವರಿಗೋ.

ಆಮೇಲೆ ಅಪ್ರೆಂಟಿಸ್ ಒಂದು ವರ್ಷ, ಆಮೇಲೆ ಕೆಲಸ. ಒಬ್ಬೊಬ್ಬ ಒಂದೊಂದು ಕಡೆ. ರೋಲ್ ನಂಬರ್ 2 ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಹೋದ, ಅದು 1978ರಲ್ಲಿ ಆಗಷ್ಟೇ ಶುರುವಾಗಿತ್ತು. ರೋಲ್ ನಂಬರ್ 4 ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ. ರೋಲ್ ನಂಬರ್ 11 ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಗೆ. ಆ ಕಾರ್ಖಾನೆ ಶುರುವಾಗಿದ್ದು 1948ರಲ್ಲಿ, ಅದರ ಹೆಸರೂ ಐಟಿಐ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಐಟಿಐ ಓದಿ ಐಟಿಐಗೆ ಸೇರಿದ್ದೀನಿ ಅಂತ ಅವನು ಊರಲ್ಲಿ ಹೇಳಿದಾಗ ಅವರಜ್ಜಿ, ಪಾಸಾಗಲಿಲ್ವೇನೋ ಮಗಾ, ಮತ್ತೆ ಅಲ್ಲಿಗೇ ಹಾಕಿದಾರಾ ಅಂತ ಅತ್ತಿದ್ದರಂತೆ.

ದಿನವಿಡೀ ಫೋನ್ ಮಾಡುವವನ ಮನೆಯಲ್ಲಿ ಫೋನ್ ಇರಲಿಲ್ಲ. ಆಗ ಯಾರ ಮನೆಯಲ್ಲೂ ಇರಲಿಲ್ಲ ಬಿಡಿ, ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಅವನು ನಮಗೆಲ್ಲ ಬರೆಯುತ್ತಿದ್ದದ್ದು 15 ಪೈಸೆ ಕಾರ್ಡು. ಸಣ್ಣ ಅಕ್ಷರ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು, ವಿಳಾಸದ ಪಕ್ಕಕ್ಕೂ ಬರುತ್ತಿದ್ದ.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಪಬ್ಲಿಕ್ ಸೆಕ್ಟರ್ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಯಿತು. ಇಲ್ಲಿ ಕೂತವರಲ್ಲಿ ಆ ಮುಷ್ಕರ ಕಂಡವರು ಇದ್ದೀರಿ, ತಲೆ ಆಡಿಸುತ್ತಿದ್ದೀರಿ. 77 ದಿನ. ನಮ್ಮ ಬ್ಯಾಚಿನ ಐದು ಜನಕ್ಕೆ ಸಂಬಳ ನಿಂತಿತು. ಆಗ 11ರ ಕಾರ್ಡು ಬಂತು, ಎರಡೇ ಸಾಲು: ಇಲ್ಲಿ ಎಲ್ಲ ಕ್ಷೇಮ. ರಾಗಿ ಇದ್ದರೆ ಕಳಿಸು. ನಾನು ಊರಿಗೆ ಹೋಗಿ ಒಂದು ಮೂಟೆ ರಾಗಿ ಲಾರಿಗೆ ಹಾಕಿಸಿದೆ. ಹುರುಳಿಕಾಳೂ ಸ್ವಲ್ಪ. ನಮ್ಮವ್ವ ಒಂದು ಡಬ್ಬಿ ಹುಣಸೆಹಣ್ಣು ಸೇರಿಸಿದಳು. ಐದೂ ಜನ ಹಂಚಿಕೊಂಡರಂತೆ. ನನ್ನ ಲೆಕ್ಕದಲ್ಲಿ ನಮ್ಮ ಬ್ಯಾಚು ಸುದ್ದಿ ಮುಟ್ಟಿಸಿದ್ದರಲ್ಲಿ ಅತಿ ಒಳ್ಳೆಯದು ಅದು. ಕೇಳಬೇಕಾದ್ದನ್ನು ಅವನು ಕೇಳಿದ. ನಾಚಿಕೆಪಡಲಿಲ್ಲ. ವಯಸ್ಸು 22 ಇತ್ತು, ಅದಕ್ಕೇ ಇರಬೇಕು.

ವಯಸ್ಸಾಗುತ್ತಾ ಹೋದಂತೆ ಕಾರ್ಡಿನಲ್ಲಿ ಬರುವ ಸುದ್ದಿ ಬದಲಾಯಿತು. ಮದುವೆ, ನಾಮಕರಣ, ಗೃಹಪ್ರವೇಶ, ಮಗನಿಗೆ ಇಂಜಿನಿಯರಿಂಗ್ ಸೀಟು. ಅಂಚಿಗೆ ಅರಿಶಿನ ಹಚ್ಚಿದ ಸುದ್ದಿಗಳು ತಪ್ಪದೆ ಬರುತ್ತಿದ್ದವು. ಇನ್ನೊಂದು ಬಗೆಯ ಸುದ್ದಿ ಬರುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ್ದು, ಸ್ವಯಂ ನಿವೃತ್ತಿ ಬರೆದುಕೊಟ್ಟದ್ದು, ಆ ದುಡ್ಡು ಬಡ್ಡಿ ಆಸೆಗೆ ಯಾರಿಗೋ ಕೊಟ್ಟು ಕಳಕೊಂಡದ್ದು, ಮಗಳು ವಾಪಸು ಬಂದು ಮನೆಯಲ್ಲಿ ಕೂತಿದ್ದು. ಇವೆಲ್ಲ ನಮಗೆ ತಿಳಿದದ್ದು ಬೇರೆಯವರ ಬಾಯಿಂದ, ವರ್ಷ ಎರಡು ವರ್ಷ ತಡವಾಗಿ. ಸಾವಿನ ಕಾಗದವನ್ನಂತೂ ಓದಿದ ಕೂಡಲೇ ಹರಿದು ಹಾಕುವುದು ನಮ್ಮ ಕಡೆ ಪದ್ಧತಿ. ಹಾಗಾಗಿ ನನ್ನ ಟ್ರಂಕಿನಲ್ಲಿ ಇರುವ ಕಾರ್ಡುಗಳನ್ನು ಯಾರಾದರೂ ಓದಿದರೆ, ಈ 16 ಜನಕ್ಕೆ ಬದುಕಿನಲ್ಲಿ ಒಳ್ಳೆಯದು ಬಿಟ್ಟು ಬೇರೇನೂ ಆಗಲೇ ಇಲ್ಲ ಅಂದುಕೊಳ್ಳುತ್ತಾರೆ.

2018ರಲ್ಲಿ ನಾವು ಪಾಸಾಗಿ 40 ವರ್ಷ ಅಂತ ಒಂದು ಸಮ್ಮಿಲನ ಮಾಡಿದೆವು. ಫ್ಲೆಕ್ಸು, ಶಾಲು, ಹಾರ, ಗ್ರೂಪ್ ಫೋಟೋ, ಹೋಳಿಗೆ ಊಟ. ಚೆನ್ನಾಗೇ ಆಯಿತು. ಆದರೆ ನಿಜ ಹೇಳಬೇಕು ಅಂದರೆ, ಅದರಿಂದ ಯಾರಿಗೂ ಏನೂ ಉಪಯೋಗ ಆಗಲಿಲ್ಲ. ಬಂದವರು ಯಾರು ಅಂದರೆ ಹೇಗೋ ದಡ ಮುಟ್ಟಿದವರು. ಮನೆ ಕಟ್ಟಿದವರು. ರೋಲ್ ನಂಬರ್ 9 ಬರಲಿಲ್ಲ. ಅವನು ಕಾರ್ಖಾನೆ ಕೆಲಸ ಹೋದ ಮೇಲೆ ಗ್ರಿಲ್ ಮಾಡುವ ಅಂಗಡಿ ಇಟ್ಟಿದ್ದ, ಅದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಆಮೇಲೆ ಸಿಕ್ಕಾಗ ಕೇಳಿದೆ, ಯಾಕಲಾ ಬರಲಿಲ್ಲ ಅಂತ. ಅವನಂದ, "ಬಂದು ಏನ್ ಹೇಳ್ಲಿ? ನೀವು ಗ್ರಾಚ್ಯುಟಿ ಎಷ್ಟು ಬಂತು ಅಂತ ಮಾತಾಡ್ತೀರಿ. ನಾನು ವೆಲ್ಡಿಂಗ್ ರಾಡಿನ ರೇಟ್ ಹೇಳ್ಲಾ?"

ಇಲ್ಲಿ ಶಾಲು ಹೊದಿಸಿದ್ದೀರಿ, ತುಂಬಾ ಸಂತೋಷ. ಬೆಚ್ಚಗಿದೆ. ಆದರೂ ಹೇಳುತ್ತೇನೆ, ಸಮ್ಮಿಲನ ಮಾಡುವವರು ಬಂದವರನ್ನು ಎಣಿಸಬೇಡಿ. ಬಾರದವರ ಪಟ್ಟಿ ಮಾಡಿ.

ವಾಟ್ಸಾಪ್ ಗುಂಪು ಆಗಿದ್ದೂ ಆ ಸಮ್ಮಿಲನದಲ್ಲೇ. ಮೊದಲ ವಾರ ಹಬ್ಬ. ಆಮೇಲೆ ನಿಮಗೆಲ್ಲ ಗೊತ್ತಿರುವ ಕಥೆಯೇ. ಬೆಳಗ್ಗೆ ಐದಕ್ಕೆ ಗುಲಾಬಿ ಹೂವು. ಶುಗರ್‌ಗೆ ಬೆಂಡೆಕಾಯಿ ನೀರು. ಚುನಾವಣೆ ಬಂದಾಗ ಜಗಳ, ಇಬ್ಬರು ಎದ್ದು ಹೋದರು, ಕಾಲು ಹಿಡಿದು ವಾಪಸು ಕರೆತಂದೆವು. ದಿನಕ್ಕೆ 40 ಮೆಸೇಜು. ಇಷ್ಟೊಂದು ಮಾತಾಡುತ್ತಿದ್ದೇವೆ ಅಂದ ಮೇಲೆ ಎಲ್ಲರ ಸುದ್ದಿಯೂ ಗೊತ್ತು ಅಂತಲೇ ನಾನು ಅಂದುಕೊಂಡಿದ್ದೆ. ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿಬಿಟ್ಟೆ.

ಈಗ 11ರ ವಿಷಯಕ್ಕೆ ಬರುತ್ತೇನೆ.

ಅವನು ಬೇಗನೇ ಸ್ವಯಂ ನಿವೃತ್ತಿ ತೆಗೆದುಕೊಂಡು, ಮಗಳ ಊರು ಶಿವಮೊಗ್ಗದ ಕಡೆ ಹೋಗಿ ನೆಲೆಸಿದ್ದ. ಗುಂಪಿನಲ್ಲಿ ಇದ್ದ, ಆದರೆ ಮಾತು ಕಮ್ಮಿ. ಯಾರದಾದರೂ ಹುಟ್ಟುಹಬ್ಬಕ್ಕೆ ಕೈಮುಗಿದ ಚಿತ್ರ ಹಾಕುತ್ತಿದ್ದ. ಒಂದು ದಿನ ಯಾಕೋ ನೆನಪಾಗಿ ಫೋನ್ ಮಾಡಿದೆ. ನಮ್ಮ ತೋಟದ ಹಲಸಿನಹಣ್ಣು ಕೊಯ್ದಿದ್ದೆವು, ಅವನಿಗೆ ಹಲಸು ಅಂದರೆ ಪ್ರಾಣ. ಅತ್ತಲಿಂದ ಒಬ್ಬ ಹುಡುಗನ ದನಿ. ಮೊಮ್ಮಗ ಇರಬೇಕು ಅಂದುಕೊಂಡು, ತಾತನಿಗೆ ಕೊಡಪ್ಪ ಅಂದೆ.

"ಯಾವ ತಾತ್ರೀ? ಈ ನಂಬರ್ ನಾ ತಗೊಂಡು ಎರಡು ತಿಂಗಳಾತ್ರಿ."

ಯಾದಗಿರಿ ಕಡೆಯ ಹುಡುಗ. ರೀಚಾರ್ಜ್ ಮಾಡದೆ ಬಿಟ್ಟ ನಂಬರು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಹೋಗುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ನಾನು ಸುಮ್ನೆ ನಿಂತುಬಿಟ್ಟೆ. ಹುಡುಗನೇ ಮುಂದುವರಿಸಿದ. "ಕಾಕಾ, ಅವರ ಬ್ಯಾಂಕಿನ ಮೆಸೇಜ್ ನನಗ ಬರಾಕತ್ತಾವ್ರಿ. ಅವರ ಮನಿಯವರಿಗೆ ಹೇಳ್ರಿ, ನಂಬರ್ ಬದಲಿ ಮಾಡಿಸ್ಕೊಳ್ಳಾಕ." ಯಾರ ಮಗನೋ, ಚೆನ್ನಾಗಿರಲಿ.

ಮನೆಯವರಿಗೆ ಹೇಳುವುದು ಹೇಗೆ? ಗುಂಪಿನಲ್ಲಿ ಕೇಳಿದೆ. ಅವನ ಹೆಂಡತಿಯ ನಂಬರು ಯಾರ ಹತ್ತಿರವೂ ಇರಲಿಲ್ಲ. ಮಗಳ ಹೆಸರು ಒಬ್ಬನಿಗೆ ನೆನಪಿತ್ತು, ಅಳಿಯನ ಹೆಸರು ಯಾರಿಗೂ ಇಲ್ಲ. 40 ವರ್ಷದ ಗೆಳೆತನ ನೋಡಿ. ಅಟ್ಟ ಹತ್ತಿ ನೋಟ್‌ಬುಕ್ಕು ಇಳಿಸಿದೆ. ಅವನ ಪುಟದಲ್ಲಿ ಮಡಿಸಿ ಇಟ್ಟ ಒಂದು ಕಾಗದ ಸಿಕ್ಕಿತು. ಮಗಳ ಮದುವೆಯ ಲಗ್ನಪತ್ರಿಕೆ. ಅದರಲ್ಲಿ ವರನ ತಂದೆಯ ಹೆಸರು, ಊರು, ಒಂದು ಲ್ಯಾಂಡ್‌ಲೈನ್ ನಂಬರು. ಆ ನಂಬರು ಯಾವತ್ತೋ ಸತ್ತಿತ್ತು. 2ನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಬೀಗರ ಮನೆ ಹುಡುಕಿ, ಅಲ್ಲಿಂದ ಅವನ ಮನೆಗೆ ಹೋಗುವಷ್ಟರಲ್ಲಿ ಸಂಜೆ. ಬಾಗಿಲು ತೆಗೆದ ಅವನ ಮನೆಯಾಕೆ ನಮ್ಮಿಬ್ಬರನ್ನೂ ನೋಡಿ, "ಈಗ ಬಂದ್ರಾ ಅಣ್ಣ" ಅಂದರು. ಗೋಡೆಯ ಮೇಲೆ ಫೋಟೋ ಇತ್ತು, ಹಾರ ಹಾಕಿದ್ದರು. ಅವನು ಹೋಗಿ ಎಂಟು ತಿಂಗಳಾಗಿತ್ತು. ಹೃದಯಾಘಾತ. "ಅವರ ಫೋನು ಲಾಕ್ ಆಗಿತ್ತು. ಯಾರಿಗೂ ತೆಗೆಯೋಕೆ ಬರಲಿಲ್ಲ. ನಿಮ್ಮ ಯಾರ ನಂಬರೂ ಸಿಗಲಿಲ್ಲ ಅಣ್ಣ."

ವಾಪಸು ಬರುವಾಗ ಬಸ್ಸಿನಲ್ಲಿ 2 ತನ್ನ ಫೋನ್ ತೆಗೆದು ಗುಂಪಿನ ಹಳೆಯ ಮೆಸೇಜು ನೋಡಿದ. ನಾಲ್ಕು ತಿಂಗಳ ಹಿಂದೆ 11ರ ಹುಟ್ಟುಹಬ್ಬ ಬಂದಿತ್ತು. ನಾವು ಒಂಬತ್ತು ಜನ ಕೇಕಿನ ಚಿತ್ರ ಹಾಕಿದ್ದೆವು. ನೂರು ಕಾಲ ಬಾಳು ಅಂತ ಬರೆದವನು ನಾನೇ.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ತಿಂಗಳ ಮೊದಲ ಭಾನುವಾರ ಬೆಳಗ್ಗೆ ಹತ್ತಕ್ಕೆ ಹಾಜರಿ. ಮೆಸೇಜು ನಡೆಯುವುದಿಲ್ಲ, ಫೋನು, ದನಿ ಕೇಳಬೇಕು. 16 ಜನರಲ್ಲಿ ನಾಲ್ವರು ಇಲ್ಲ. ಇಬ್ಬರು ಎಲ್ಲಿದ್ದಾರೋ ಪತ್ತೆಯಿಲ್ಲ. ನನ್ನನ್ನು ಬಿಟ್ಟರೆ ಒಂಬತ್ತು ಫೋನು. ಎತ್ತಿದವರು ಮೊದಲು ಹಾಜರ್ ಅನ್ನಬೇಕು, ಆಮೇಲೆ ಮಾತು. ಎತ್ತದಿದ್ದರೆ ಮನೆಯ ಇನ್ನೊಬ್ಬರ ನಂಬರಿಗೆ. ಹೆಂಡತಿಯದು, ಮಗನದು, ಸೊಸೆಯದು, ಪಕ್ಕದ ಮನೆಯದು, ಎಲ್ಲವೂ ಈಗ ನೋಟ್‌ಬುಕ್ಕಿನಲ್ಲಿ ಇವೆ. ಪೆನ್ನಿನಲ್ಲಿ ಬರೆದಿದ್ದೇನೆ. ನನ್ನ ಸೊಸೆಗೆ ಆ ನೋಟ್‌ಬುಕ್ಕು ಎಲ್ಲಿದೆ ಅಂತ ತೋರಿಸಿಟ್ಟಿದ್ದೇನೆ.

ಇದರಿಂದ ಏನಾಯಿತು ಅಂತ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಪೀಣ್ಯದ ರೋಲ್ ನಂಬರ್ 4. ದಿನಾ ಬೆಳಗ್ಗೆ ಗುಂಪಿಗೆ ಹೂವು ಹಾಕುವವನು ಅವನೇ. ಫೋನಿನಲ್ಲಿ ಹಾಜರ್ ಅಂದ, ದನಿ ಇಳಿದಿತ್ತು. ಏನಾಯ್ತೋ ಅಂದರೆ ಏನಿಲ್ಲ. ಅವರ ಮನೆಯಾಕೆಗೆ ಕೊಡು ಅಂದೆ. ಆಯಮ್ಮ ಹೇಳಿದರು, ಪೆನ್ಷನ್ ನಿಂತು ಮೂರು ತಿಂಗಳಾಯಿತು.

ನಮ್ಮಂಥವರಿಗೆ ಬರುವುದು ಇಪಿಎಸ್, ಅಂದರೆ ನೌಕರರ ಪಿಂಚಣಿ ಯೋಜನೆಯ ಪೆನ್ಷನ್ನು, 1995ರ ನವೆಂಬರಿನಲ್ಲಿ ಶುರುವಾದ ಸ್ಕೀಮು. ಸಂಬಳಕ್ಕೆ ಮಿತಿ ಹಾಕಿ ಲೆಕ್ಕ ಮಾಡಿದ್ದರಿಂದ ಬರುವುದೂ ಅಷ್ಟಕ್ಕಷ್ಟೆ. ಕನಿಷ್ಠ 1,000 ರೂಪಾಯಿ ಅಂತ ಮಾಡಿದ್ದು 2014ರಲ್ಲಿ. 4ಕ್ಕೆ ಬರುವುದು 1,900 ಚಿಲ್ಲರೆ. ಅಷ್ಟಾದರೂ ಅದರಲ್ಲೇ ಅವನ ಬಿಪಿ ಮಾತ್ರೆ, ಹಾಲಿನ ದುಡ್ಡು. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಲೈಫ್ ಸರ್ಟಿಫಿಕೇಟ್ ಕೊಡಬೇಕು, ಬೆರಳು ಒತ್ತಿ. ಇವನ ಬೆರಳು ಹತ್ತಲಿಲ್ಲ. 35 ವರ್ಷ ಸರ್ಫೇಸ್ ಗ್ರೈಂಡಿಂಗ್ ಮಾಡಿದ ಕೈ. ಬರಿಗೈಯಲ್ಲಿ ಜಾಬ್, ಅಂದರೆ ನುಣುಪು ಮಾಡಬೇಕಾದ ಲೋಹದ ತುಂಡು, ಹಿಡಿದು, ಕೂಲೆಂಟ್ ನೀರಿನಲ್ಲಿ ಅದ್ದಿ ಅದ್ದಿ, ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿವೆ. ಮುಟ್ಟಿದರೆ ಪಾಲಿಶ್ ಮಾಡಿದ ಜಾಬ್ ಮುಟ್ಟಿದ ಹಾಗೇ. ಸೇವಾ ಕೇಂದ್ರದ ಹುಡುಗಿ ಪಾಪ, ಅಜ್ಜಾ ಒರೆಸ್ಕೊಳ್ಳಿ, ಅಜ್ಜಾ ಒತ್ತಿ ಹಿಡೀರಿ ಅಂತ ಹತ್ತೂ ಬೆರಳು ನೋಡಿದಳಂತೆ. ಮರುದಿನ ಬೇರೆ ಕಡೆ. ಅಲ್ಲೂ ಇಲ್ಲ. ಸುಮ್ಮನೆ ಮನೆಗೆ ಬಂದು ಕೂತಿದ್ದಾನೆ. ಬೆಳಗಾದರೆ ನಮಗೆ ಗುಲಾಬಿ ಹೂವು.

ನಾವು ದೊಡ್ಡ ಸಾಹಸ ಏನೂ ಮಾಡಲಿಲ್ಲ. ರೋಲ್ ನಂಬರ್ 14ರ ಮಗ ಕಂಪ್ಯೂಟರ್ ಬಲ್ಲವನು. ಈಗ ಮುಖ ತೋರಿಸಿಯೂ ಲೈಫ್ ಸರ್ಟಿಫಿಕೇಟ್ ಕೊಡಬಹುದು, ಫೋನಿನ ಕ್ಯಾಮೆರಾ ಸಾಕು ಅಂದ. ನಾವು ಮೂವರು 4ರ ಮನೆಗೆ ಹೋದೆವು. ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಕಣ್ಣು ಮಿಟುಕಿಸಿ ಅಂತ ಫೋನು ಕೇಳುತ್ತದೆ. 4 ಮಿಟುಕಿಸುತ್ತಲೇ ಇದ್ದಾನೆ, ಅದು ಒಪ್ಪುತ್ತಿಲ್ಲ. ಹುಡುಗ ಅವನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದ, ಗದ್ದ ಹಿಡಿದು ಮುಖ ಎತ್ತಿಸಿದ, ತಾನೂ ಒಂದು ಕಣ್ಣು ಮುಚ್ಚಿ ನೋಡಿದ. ನನಗೆ ನಮ್ಮ ಇನ್‌ಸ್ಟ್ರಕ್ಟರ್ ನೆನಪಾದರು. 4ಕ್ಕೂ ಆಗಿರಬೇಕು. "ಲೇ, ಸ್ಕ್ರಾಪಿಗೆ ಹಾಕ್ಬಿಡ್ತಾನಾ ಹೆಂಗೆ" ಅಂದ. ಮೂರನೇ ಸಲಕ್ಕೆ ಒಪ್ಪಿಕೊಂಡಿತು. ನಿಂತ ದುಡ್ಡೂ ಸೇರಿ ಬಂತು.

ಮೂರು ತಿಂಗಳು ನಮಗ್ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. "1,900 ರೂಪಾಯಿಗೆ ನಿಮ್ಮ ಮುಂದೆ ಅಳ್ಲಾ?" ಅಂದ.

ಇದನ್ನು ಇಲ್ಲಿ ಹೇಳಲು ಕಾರಣ ಇದೆ. ನಿಮ್ಮಲ್ಲೂ ಬೆರಳು ಸವೆದವರು ಇದ್ದೀರಿ, ಹಿಂದಿನ ಸಾಲಿನಲ್ಲಿ ಒಬ್ಬರು ಕೈ ನೋಡಿಕೊಂಡದ್ದು ಕಂಡೆ. ಮುಖ ತೋರಿಸಿ ಆಗುತ್ತದೆ, ಹೆದರಬೇಡಿ. ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ತೀರಿಕೊಂಡವರ ಹೆಂಡತಿಗೂ ಪೆನ್ಷನ್ ಬರುತ್ತದೆ, ಆದರೆ ಮರಣ ಪ್ರಮಾಣಪತ್ರ ಹಿಡಿದು ಹೋಗಿ ಕೇಳಬೇಕು. 11ರ ಮನೆಯಾಕೆಗೆ ಅದು ಗೊತ್ತೇ ಇರಲಿಲ್ಲ. ಎಂಟು ತಿಂಗಳು ತಡವಾಗಿ ಆ ಕಾಗದ ಪತ್ರ ನಾವು ಓಡಾಡಿ ಮಾಡಿಸಿದೆವು. ಈಗ ಹಾಜರಿಯಲ್ಲಿ ಆ ತಾಯಿಗೂ ಒಂದು ಫೋನು ಮಾಡುತ್ತೇನೆ. ಸೇರಿಸಿದರೆ ಹತ್ತಾಯಿತು.

ಹೋದ ಭಾನುವಾರದ ಸುದ್ದಿ ಬೇಕಾದರೆ ಹೇಳುತ್ತೇನೆ. 2ಕ್ಕೆ ಈಗ ಎಲ್ಲಿಲ್ಲದ ಬೇಡಿಕೆ. ಎಚ್‌ಎಂಟಿ ವಾಚ್ ಮುಚ್ಚಲು ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ, ಈಗ ಕಾಲೇಜು ಹುಡುಗರು ಅಜ್ಜನ ಕೀ ಕೊಡುವ ವಾಚು ಹಿಡಿದುಕೊಂಡು ಅವನ ಮನೆ ಹುಡುಕಿಕೊಂಡು ಬರುತ್ತಾರೆ. ರಿಪೇರಿಗೆ ದುಡ್ಡು ತಗೊಳ್ಳೋ ಅಂದರೆ ಕಾಫಿ ಕೊಟ್ಟು ಕಳಿಸುತ್ತಾನೆ, ದಡ್ಡ. 14ಕ್ಕೆ ಮಂಡಿ ಆಪರೇಷನ್ ಆಗಿದೆ, ಕಕ್ಕಸ್ಸಿಗೆ ಕಮೋಡ್ ಹಾಕಿಸಿದ್ದಾನೆ, ಅದರ ವರ್ಣನೆಯೇ ಹತ್ತು ನಿಮಿಷ. 4ರ ಮೊಮ್ಮಗಳು ಐಟಿಐ ಸೇರಿದ್ದಾಳೆ, ಎಲೆಕ್ಟ್ರಾನಿಕ್ಸ್. ನಮ್ಮ ಬ್ಯಾಚಿನಲ್ಲಿ ಒಬ್ಬಳು ಹುಡುಗಿಯೂ ಇರಲಿಲ್ಲ. ಅವಳಿಗೆ ಅಳತೆ ಮಾಡುವ ನನ್ನ ಹಳೆಯ ವರ್ನಿಯರ್ ಕೊಡುತ್ತೇನೆ ಅಂದಿದ್ದೇನೆ. ತಾತಾ ಅದೆಲ್ಲ ಈಗ ಡಿಜಿಟಲ್ಲು ಅಂದಳು. ಆದರೂ ಕೊಡುತ್ತೇನೆ.

9 ಮಾತ್ರ ಫೋನ್ ಎತ್ತಲಿಲ್ಲ. ಗ್ರಿಲ್ ಅಂಗಡಿಯವನು. ಮಗನಿಗೆ ಮಾಡಿದೆ, ಅಪ್ಪ ಊರಲ್ಲಿಲ್ಲ ಅಂದ, ಎಲ್ಲಿಗೆ ಅಂದರೆ ಹೇಳಲಿಲ್ಲ. ನಾಲ್ಕು ದಿನದಿಂದ ಮಾಡುತ್ತಿದ್ದೇನೆ. ಈಗ ಈ ಮೈಕಿನ ಮುಂದೆ ನಿಂತಾಗ ಜೇಬಿನಲ್ಲಿ ಎರಡು ಸಲ ಫೋನು ನಡುಗಿತು. ಮರ್ಯಾದೆ ಅಲ್ಲ ಅಂತ ತೆಗೆಯಲಿಲ್ಲ. ಈಗ ನೋಡಿದೆ, ಅವನದೇ ಮಿಸ್ಡ್ ಕಾಲ್.

ಪ್ರಶ್ನೆ ಇದ್ದರೆ ಆಮೇಲೆ ಕೇಳಿ. ಕಾಫಿ ಕುಡಿಯುತ್ತಿರಿ, ನಾನು ಹೊರಗಡೆ ಹೋಗಿ ಅವನಿಗೆ ಫೋನ್ ಮಾಡಿ ಬರುತ್ತೇನೆ.